ಸಿಸ್ಟರ್‌ಗೆ ಉಡಿ ತುಂಬಿದ ಶುಕ್ರವಾರ

ಅಪ್ಪನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಮಂಗಳವಾರ, ಶುಕ್ರವಾರ ಅಪ್ಪ, ಅವ್ವ, ನಾನು ಮೂವರೂ ಅಬ್ಬಿಗೇರಿಯಿಂದ ಬಸ್ಸು ಹತ್ತಿ ರೋಣದ ಸಣ್ಣ ಕೇಂದ್ರಕ್ಕೆ ಹೋಗುತ್ತೇವೆ. ಯಂತ್ರಕ್ಕೆ ಹಚ್ಚುವ ಮೊದಲಿನ ತೂಕ, ನಂತರದ ತೂಕ, ಅಪ್ಪ ಕುಡಿದ ನೀರು, ಎಲ್ಲವನ್ನೂ ತಾರೀಖು ಹಾಕಿ ಬರೆದಿಡುವುದು ನನ್ನ ಕೆಲಸ. ಯಂತ್ರ ತೆಗೆಯದಿದ್ದರೆ ಕುಡಿದ ನೀರು ಮೈಯಲ್ಲೇ ನಿಲ್ಲುತ್ತದೆ. ಅಪ್ಪನ ಎಡಗೈಯ ನರ ಸೂಜಿಗೆ ಸಿಗದೆ ಜಾರುತ್ತದೆ. ಅದನ್ನು ಒಂದೇ ಸಲಕ್ಕೆ ಹಿಡಿಯುವುದು ಅಲ್ಲಿಯ ಸಿಸ್ಟರ್ ಒಬ್ಬರಿಗೇ ಸಾಧ್ಯವಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಅವರಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಮುದುಕರು ಬಹಳ, ನೋಡಿಕೊಳ್ಳುವವರು ಕಡಿಮೆಯಂತೆ.

"ತೊಂಬತ್ತು ದಾಟಿದವ್ರೂ ಸೈಕಲ್ ಹೊಡೀತಾರಂತ್ರಿ ಕಾಕಾ," ಎಂದರು.

"ಸೈಕಲ್ ಹೊಡಿಯೋರಿಗೆ ನೀ ಯಾಕವಾ? ನಾ ಐವತ್ತಕ್ಕ ಮಲಗೇನಿ, ನನ್ನ ಬಿಟ್ಟ ಹೊಂಟೀಯಲ್ಲ," ಎಂದು ಅಪ್ಪ ನಕ್ಕ.

"ಇಲ್ಲಿ ಗುತ್ತಿಗಿ ಕೆಲಸ್ರಿ. ಯಾವಾಗ ಬಿಡಸ್ತಾರೋ ಗೊತ್ತಿಲ್ಲ." ಆಮೇಲೆ ಅವ್ವನತ್ತ ತಿರುಗಿ, "ನನಗ ಅವ್ವ ಇಲ್ಲ ಕಾಕು. ನೀವ ಉಡಿ ತುಂಬಿ ಕಳಸ್ರಿ," ಎಂದರು.

ದೂರ ಹೋಗುವ ಹೆಣ್ಣುಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆ ಹಾಕಿ ಕಳಿಸುವುದು ನಮ್ಮ ಪದ್ಧತಿ. ತಾನು ಉಡಿ ತುಂಬುವವರೆಗೆ ಈಕೆ ಹೋಗಲಾರಳು ಎಂದು ಅವ್ವ ನಂಬಿದಳು.

"ಇವತ್ತ ಮಂಗಳವಾರ. ಹೆಣ್ಮಕ್ಕಳನ್ನ ಕಳಸೂ ದಿನ ಅಲ್ಲ," ಎಂದಳು. ಶುಕ್ರವಾರವೂ ಅದೇ ಮಾತು. ನಾವು ಹೋಗುವುದೇ ಆ ಎರಡು ದಿನ. ಪ್ರತಿ ತಾರೀಖಿನ ಮುಂದೆ 'ಉಡಿ ಇಲ್ಲ' ಎಂದು ಬರೆಯುತ್ತಿದ್ದೆ. ಬರೆದಾಗೊಮ್ಮೆ ನನಗೂ ಸಮಾಧಾನವಾಗುತ್ತಿತ್ತು.

ಕಳೆದ ಶುಕ್ರವಾರ ಸಿಸ್ಟರ್ ಹೇಳಿದರು: "ಇದ ಕಡೀದು ಕಾಕು. ರವಿವಾರ ವಿಮಾನ."

ಅವ್ವ ಚೀಲ ಬಿಗಿಹಿಡಿದು ಕೂತಳು.

"ಏ, ತುಂಬು. ಬರೀ ಉಡಿಲೆ ಕಳಸಬ್ಯಾಡ," ಎಂದ ಅಪ್ಪ.

"ತುಂಬಿದ್ರ ಹೋಗ್ತಾಳ."

"ತುಂಬಲಿಲ್ಲಂದ್ರೂ ಹೋಗ್ತಾಳ."

ಅವ್ವ ಚೀಲ ಬಿಚ್ಚಿದಳು. ಅಕ್ಕಿ, ಕೊಬ್ಬರಿ, ಹಸಿರು ಕುಪ್ಪಸದ ಬಟ್ಟೆ ಎಲ್ಲವೂ ಅದರಲ್ಲೇ ಇದ್ದವು. ಅಷ್ಟು ವಾರವೂ ಅವನ್ನು ಹೊತ್ತು ತಂದು, ಹೊತ್ತು ಒಯ್ದಿದ್ದಳು. ಕೊಬ್ಬರಿಗೆ ಬೂಷ್ಟು ಹಿಡಿದಿತ್ತು. ಸೆರಗಿನಿಂದ ಒರೆಸಿದಳು. ಸಿಸ್ಟರ್ ಬಿಳಿ ಕೋಟಿನ ತುದಿ ಹಿಡಿದು ಒಡ್ಡಿದರು.

ನಿನ್ನೆ ಮಂಗಳವಾರ. ಹೊಸದಾಗಿ ಬಂದವರು ಮೂರು ಸಲ ಚುಚ್ಚಿದರು. ಕೈ ಬಾತಿತು, ನರ ಸಿಗಲಿಲ್ಲ. ಗದಗಿಗೆ ಹೋಗಿ ಎಂದರು. ಅಲ್ಲಿ ಪಾಳಿ ಸಿಕ್ಕಿರುವುದು ಶುಕ್ರವಾರಕ್ಕೆ. ಮೊದಲಿನ ತೂಕ ಬರೆದಿದ್ದೇನೆ, ನಂತರದ್ದರ ಜಾಗ ಖಾಲಿ ಇದೆ. ಅಪ್ಪನಿಗೆ ಮಲಗಿದರೆ ಉಸಿರು ಕಟ್ಟುತ್ತದೆ, ಗೋಡೆಗೆ ಒರಗಿ ಕೂತಿದ್ದಾನೆ. ನೀರು ಕೇಳುತ್ತಾನೆ. ಅವ್ವ ಒದ್ದೆ ಬಟ್ಟೆಯನ್ನು ತುಟಿಗೆ ಒತ್ತಿ ತೆಗೆಯುತ್ತಾಳೆ.