ಬಾಗಿಲು ಹಾಕಿ ಕಾಸಿದ ಕುಸುಬಿ ಹಾಲು

ಮಿಕ್ಸಿಯ ಮುಚ್ಚಳ ತೆಗೆದೊಡನೆ ಮೂಗಿಗೆ ಬಂದದ್ದು ನೆನೆಹಾಕಿದ ಕುಸುಬಿ ಬೀಜದ ವಾಸನೆ. ಅತ್ತ ಎಣ್ಣೆಯದೂ ಅಲ್ಲ, ಇತ್ತ ಮಣ್ಣಿನದೂ ಅಲ್ಲ… ಎಮ್ಮೆ ಹಾಲು ಬಿಡಿ ಎಂದು ಡಾಕ್ಟರು ನನಗೆ ಹೇಳಿದ್ದಾರೆ; ಅದಕ್ಕೇ ಈ ಕುಸುಬಿ ಹಾಲು. ನನ್ನ ಹೊಟ್ಟೆನೋವಿಗೆ ಹಾಲೇ ಕಾರಣವೋ, ಅವರಿಗೆ ಬೇರೇನೂ ತೋಚಲಿಲ್ಲವೋ, ನನಗಂತೂ ಅನುಮಾನ. ಅನುಮಾನ ನನಗೆ ಅಜ್ಜಿಯಿಂದ ಬಂದ ಆಸ್ತಿ. ಆ ವಾಸನೆಗೆ ನೆನಪಾದವಳು ಇಳಕಲ್ಲಿನ ನಮ್ಮ ಓಣಿಯ ಎದುರು ಮನೆಯ ಕಾಕು.

ಕಾಕುವಿನ ಗಂಡ ಸೀರೆ ನೇಯುತ್ತಿದ್ದರು. ಅವಳು ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತ ತೆರೆದ ಬಾಗಿಲಲ್ಲೇ ಕೂತಿರುತ್ತಿದ್ದಳು. ನಮ್ಮವ್ವನಿಗೆ ಪುರುಸೊತ್ತು ಇರುತ್ತಿರಲಿಲ್ಲ. ಸಾಲೆಗೆ ಹೋಗುವ ಮುಂಚೆ ನನ್ನ ಹೆರಳು ಹಾಕುತ್ತಿದ್ದವಳು ಕಾಕುವೇ. ಅವಳ ಕೈಗೆ ತಲೆ ಕೊಟ್ಟು ಕೂರುವುದೆಂದರೆ ನನಗೆ ಭಾರೀ ಇಷ್ಟ.

ದಿನಾ ಸಂಜೆ ಅವಳು ನಮ್ಮಲ್ಲಿಂದ ಹಾಲು ಒಯ್ಯುತ್ತಿದ್ದಳು. ಒಮ್ಮೆ "ಇನ್ನ ಹಾಲು ಬ್ಯಾಡ್ರಿ" ಎಂದವಳು ಕಾರಣ ಹೇಳಲಿಲ್ಲ. ಅದೇ ಹೊತ್ತಿಗೆ ನಮ್ಮ ಎಮ್ಮೆಯ ಹಾಲೂ ಕಡಿಮೆಯಾಯಿತು. ಮೇಲಾಗಿ, ಬೆಳಿಗ್ಗೆ ಕಾಕುವಿನ ಬಾಗಿಲು ಮುಚ್ಚಿರುತ್ತಿತ್ತು; ಒಳಗಿಂದ ಯಾಲಕ್ಕಿ ಹಾಕಿ ಕಾಸಿದ ಹಾಲಿನ ಘಮ. ಅಜ್ಜಿಗೆ ಇಷ್ಟು ಸಾಕಾಯಿತು.

"ನಮ್ಮ ಎಮ್ಮಿ ಯಾರು ಕದ್ದು ಹಿಂಡಾಕತ್ತಾರಂತ ಈಗ ತಿಳೀತು" ಎಂದು ಎದ್ದವಳೇ ಓಣಿ ದಾಟಿದಳು. ಹಿಂದೆ ನಾನು. ಕಾಕು ಬಾಗಿಲು ತೆಗೆದಾಗ ಒಲೆಯ ಮೇಲೆ ಬೆಳ್ಳಗೆ ನೊರೆ ಏಳುತ್ತಿತ್ತು.

"ಒಂದು ವಾಟಿ ಕೊಡವಾ. ಹೆಪ್ಪು ಹಾಕಿ ನೋಡ್ತೇನಿ. ಎಮ್ಮಿ ಹಾಲಾದ್ರ ಮೊಸರಾಗ್ತದ."

ಕಾಕು ಜಗಳ ತೆಗೆಯಲಿಲ್ಲ. "ಕುಸಬಿ ಹಾಲ್ರಿ ಇದು. ನಮ್ಮನಿಯವರಿಗೆ ಎಮ್ಮಿ ಹಾಲು ಹೊಟ್ಟಿಗಿ ಆಗವಲ್ದು. ಕಾಸೋ ಮುಂದ ಮಂದಿ ಕಣ್ಣು ಬಿದ್ರ ಒಡೀತದಂತ ಬಾಗಲಾ ಹಾಕ್ಕೋತೇನ್ರಿ" ಎಂದು ವಾಟಿ ತುಂಬಿ ಕೊಟ್ಟಳು.

ಅಂದರೆ ನಮ್ಮ ಕಣ್ಣಿನ ಮೇಲೆ ಅವಳಿಗೂ ಅನುಮಾನವೇ! ಅಜ್ಜಿ ನಂಬದೆ ಹೆಪ್ಪು ಹಾಕಿಟ್ಟಳು.

ಮರುದಿನ ನೋಡಿದರೆ ವಾಟಿಯಲ್ಲಿ ಮೇಲೆ ತಿಳಿನೀರು, ಕೆಳಗೆ ಬೂದುಬಣ್ಣದ ಗಸಿ. ಎಮ್ಮೆ ಗಬ್ಬವಾಗಿದೆ, ಹಾಲು ಕಡಿಮೆಯಾದದ್ದು ಅದಕ್ಕೇ ಎಂದು ಆಮೇಲೆ ಗೊತ್ತಾಯಿತು. ಅಜ್ಜಿ ವಾಟಿ ತೊಳೆದು ನನ್ನ ಕೈಯಲ್ಲಿ ಕಳಿಸಿದಳೇ ಹೊರತು ತಾನು ಹೋಗಲಿಲ್ಲ. ಕಾಕು ವಾಟಿ ಇಸಿದುಕೊಂಡಳು. ನಾನು ಬಾಚಣಿಗೆ ಹಿಡಿದು ನಿಂತೇ ಇದ್ದೆ…

"ನಿಮ್ಮವ್ವನ ಕಡಿಂದ ಹೆರಳು ಹಾಕಿಸ್ಕೊ ಹೋಗವಾ."

ಬಾಗಿಲು ಮುಚ್ಚಿತು. ಓಣಿಯಲ್ಲೇ ನಿಂತು ಅತ್ತೆ. ಮುಂದೆ ಕಾಕುವಿನ ಮನೆಯವರು ಊರು ಬಿಟ್ಟು ಗುಳೇದಗುಡ್ಡಕ್ಕೆ ಹೋದರು. ಕಾಕು ತೀರಿಕೊಂಡದ್ದನ್ನು ಎಷ್ಟೋ ವರ್ಷಗಳ ಮೇಲೆ ಬಸ್ ನಿಲ್ದಾಣದಲ್ಲಿ ಯಾರೋ ಹೇಳಿದರು.

ಇವತ್ತು ರುಬ್ಬಿದ ಕುಸುಬಿಯನ್ನು ಬಟ್ಟೆಯಲ್ಲಿ ಹಿಂಡಿ, ಹಾಲನ್ನು ಒಲೆಗಿಟ್ಟು, ನಾನೂ ಬಾಗಿಲು ಹಾಕಿಕೊಂಡೆ. ಇರಲಿ, ಕಣ್ಣು ಬಿದ್ದು ಒಡೆಯುವುದು ಯಾಕೆ ಬೇಕು! ಪಕ್ಕದ ಮನೆಯಾಕೆ ಕಿಟಕಿಯಲ್ಲಿ ಇಣುಕಿದಳು.

"ಬಾಗಲಾ ಹಾಕ್ಕೊಂಡು ಏನು ಕಾಸಾಕತ್ತೀರಿ?"

ಆ ಧ್ವನಿ ಥೇಟ್ ಅಜ್ಜಿಯದೇ. ಹೋಗಿ ಬಾಗಿಲು ತೆರೆದೆ. ಆಕೆ ಒಳಗೆ ಬಂದು ಪಾತ್ರೆಯಲ್ಲೇ ಕಣ್ಣು ನೆಟ್ಟು ನಿಂತಳು. ನಾನು ಉರಿ ಸಣ್ಣ ಮಾಡಿ, ಆಕೆಯನ್ನೂ ಹಾಲನ್ನೂ ನೋಡುತ್ತ ಸೌಟು ತಿರುವಿದೆ. ಹಾಲು ಉಕ್ಕಿ ಬಂತು.

ಒಡೆಯಲಿಲ್ಲ ಕಾಕು… ನೀನು ಬಾಗಿಲು ತೆರೆದೇ ಇಡಬಹುದಿತ್ತು.