ಮಡಿ ಕಂಪ್ಯೂಟರು

ನಮ್ಮವ್ವ ತನ್ನ ಮಡಿ ಸೀರೆಯನ್ನು ಕೋಲಿನಿಂದ ಎತ್ತಿ ಮೇಲಿನ ಗಳಕ್ಕೆ ಒಣಹಾಕುವುದನ್ನು ನೋಡಿ ನಾನು ಚಿಕ್ಕಂದಿನಿಂದಲೂ ನಗುತ್ತ ಬಂದವನು. ಅದನ್ನು ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ಮತ್ತೆ ನೀರು, ಮತ್ತೆ ಕೋಲು, ಮತ್ತೆ ಗಳ. ಊರು ಬಿಟ್ಟು ತೆಲುಗು ನಾಡಿನ ಮಲ್ಕಾಜ್‌ಗಿರಿಯ ಈ ಎರಡನೇ ಮಹಡಿಯ ಮನೆಗೆ ಬಂದ ಮೇಲೂ ಆಕೆ ಹಟ ಹಿಡಿದು ಬಾಲ್ಕನಿಯಲ್ಲಿ ಒಂದು ಬಿದಿರ ಗಳ ಕಟ್ಟಿಸಿಕೊಂಡಳು. "ಅವ್ವಾ, ಯಾರು ಮುಟ್ಟಿದ್ರು ಅಂತ ಸೀರಿಗೇನು ಗೊತ್ತಾಗತೈತಿ?" ಎಂದು ನಾನು ಕಾಡಿಸುವುದು, "ತಿಳೀದ ವಿಷಯದಾಗ ಮೂಗು ತೂರಿಸಬ್ಯಾಡ" ಎಂದು ಆಕೆ ಗದರುವುದು, ಇದು ನಮ್ಮ ಮನೆಯ ದಿನದ ಮಾತು. ಇಂಥ ವಿಚಾರವಾದಿಯಾದ ನಾನು ನನ್ನ ಮಡಿಯ ಕಥೆ ಹೇಳಬೇಕಾಗಿ ಬಂದಿದೆ. ಹೇಳದೆ ಇದ್ದರೆ ಹೆಂಡತಿ ಹೇಳುತ್ತಾಳೆ, ಅದಕ್ಕಿಂತ ಇದೇ ವಾಸಿ.

ನಾನು ಲಿನಕ್ಸ್ ಮನುಷ್ಯ. ಕಂಪ್ಯೂಟರನ್ನು ಒಳಗಿಂದ ನಡೆಸುವ ವ್ಯವಸ್ಥೆಗಳಲ್ಲಿ ಅದೂ ಒಂದು. ಉಳಿದವರ ಮನೆಗಳಲ್ಲಿ ಇರುವುದು ವಿಂಡೋಸ್. ನಮ್ಮ ಬೀದಿಯಲ್ಲಿ ಲಿನಕ್ಸ್ ಇದ್ದದ್ದು ನನ್ನೊಬ್ಬನ ಮನೆಯಲ್ಲಿ, ಮತ್ತು ನನಗೆ ಅದು ಅಷ್ಟೊಂದು ಹಿಡಿಸಿದ್ದಕ್ಕೆ ಅದೇ ಕಾರಣ ಅಂತ ಈಗ ಅನಿಸುತ್ತದೆ. ಆಗ ಮಾತ್ರ ಬೇರೆ ಕಾರಣಗಳನ್ನು ಹೇಳುತ್ತಿದ್ದೆ. ಅದು ಯಾರಪ್ಪನ ಆಸ್ತಿಯೂ ಅಲ್ಲ, ಊರೆಲ್ಲ ಸೇರಿ ಕಟ್ಟಿದ್ದು, ಒಳಗೆ ಏನೇನಿದೆ ಅಂತ ಯಾರು ಬೇಕಾದರೂ ಬಿಚ್ಚಿ ನೋಡಬಹುದು. ನಾನು ಹದಿನೈದು ವರ್ಷದಲ್ಲಿ ಒಂದು ಸಲವೂ ಬಿಚ್ಚಿ ನೋಡಿದವನಲ್ಲ, ಆ ಮಾತು ಬೇರೆ.

ವಿಂಡೋಸ್ ಎಂಬ ಹೆಸರನ್ನು ನಾನು ಮನೆಯೊಳಗೆ ಎತ್ತುತ್ತಿರಲಿಲ್ಲ. "ಅದು" ಎನ್ನುತ್ತಿದ್ದೆ. ಯಾರಾದರೂ ಪೆನ್‌ಡ್ರೈವ್ ತಂದರೆ, ಅದು ಎಲ್ಲೆಲ್ಲಿ ಹೊಕ್ಕು ಬಂದದ್ದೋ ಎಂದು ಎರಡು ಬೆರಳಲ್ಲಿ ಹಿಡಿಯುತ್ತಿದ್ದೆ. ಕೆಳಗಿನ ಮನೆಯಲ್ಲಿ ರೈಲ್ವೆ ಕಚೇರಿಯ ನೌಕರಿಯಾಕೆ ಒಬ್ಬರಿದ್ದಾರೆ, ತೆಲುಗಿನವರು. ಪ್ರಿಂಟರ್ ನಡೆಯುತ್ತಿಲ್ಲ, ಒಂದಿಷ್ಟು ನೋಡಿ ಎಂದು ಒಮ್ಮೆ ನನ್ನನ್ನು ಕರೆದೊಯ್ದರು. ಅವರ ಲ್ಯಾಪ್‌ಟಾಪಿನಲ್ಲಿ "ಅದು" ಇತ್ತು. ನಾನು ಪ್ರಿಂಟರಿನ ಕಡೆ ತಿರುಗಿಯೂ ನೋಡದೆ ಒಂದು ತಾಸು ಸ್ವಾತಂತ್ರ್ಯದ ಬಗ್ಗೆ ಮಾತಾಡಿ, ಅವರು ಕೊಟ್ಟ ಚಹಾ ಕುಡಿದು, ಮೇಲೆ ಬಂದೆ. ಅಂದಿನಿಂದ ಅವರು ನನಗೆ "ಕಂಪ್ಯೂಟರ್ ಸಾರ್" ಎನ್ನುತ್ತಾರೆ. ಗೌರವಕ್ಕೆ ಅಂದುಕೊಂಡಿದ್ದೆ.

ಇನ್ನು ನನ್ನ ನೌಕರಿ. ನಾಚಾರಂನಲ್ಲಿ ಕೊಳವೆಯ ವಾಲ್ವ್ ಮಾಡುವ ಸಣ್ಣ ಕಾರ್ಖಾನೆಯಲ್ಲಿ ನಾನು ಉತ್ಪಾದನೆ ನೋಡಿಕೊಳ್ಳುವವನು. ಅಲ್ಲಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರ ತನಕ ನನ್ನ ಮೇಜಿನ ಮೇಲೆ ಇರುವುದು ವಿಂಡೋಸೇ. ಚಕಾರ ಎತ್ತದೆ ನಡೆಸುತ್ತೇನೆ. ಹೊಟ್ಟೆಪಾಡು ಬೇರೆ, ತತ್ವ ಬೇರೆ. ಈ ಮಾತಿಗೇ ನನ್ನ ಹೆಂಡತಿ ಒಂದು ದಿನ ರೊಟ್ಟಿ ಬಡಿಯುತ್ತ ಹೇಳಿದ್ದಳು: "ಹೊಸ್ತಿಲ ದಾಟಿದ ಕೂಡ್ಲೆ ತೆಲುಗು ಶುರು ಮಾಡ್ತೀರಿ, ಆಟೋದಾಂವನ ಕೂಡ ಹಿಂದಿ. ಅವ್ವ ಕಲಿಸಿದ ಕನ್ನಡ ಬಿಟ್ಟುಕೊಡಾಕ ನಿಮಗ ಒಂದು ನಿಮಿಷ ಹತ್ತಂಗಿಲ್ಲ. ಈ ಕಂಪ್ಯೂಟರ್ ಡಬ್ಬಿ ಸಲುವಾಗಿ ಮಾತ್ರ ಯಾಕ್ರಿ ಇಷ್ಟು ಹಟ?" ನಾನು ನಕ್ಕು ಬಿಸಿ ರೊಟ್ಟಿಗೆ ತಟ್ಟೆ ಒಡ್ಡಿದೆ.

ಆಕೆ ಮದುವೆಗೆ ಮುಂಚೆ ಕಲಬುರಗಿಯಲ್ಲಿ ಗಣಿತದ ಟೀಚರ್ ಆಗಿದ್ದವಳು. ಇಲ್ಲಿಗೆ ಬಂದ ಮೇಲೆ ಅವ್ವನ ಮಡಿ ಅಡಿಗೆ, ಮಗಳ ಶಾಲೆ, ನನ್ನ ಡಬ್ಬಿ ಊಟ, ಇದರಲ್ಲೇ ಹನ್ನೊಂದು ವರ್ಷ ಹೋದವು. ಕಳೆದ ವರ್ಷ ಹತ್ತಿರದ ಶಾಲೆಯೊಂದು ಆಕೆಯನ್ನು ತಗೊಳ್ಳಲು ಒಪ್ಪಿತು. ಒಂದೇ ಷರತ್ತು: ಶಿಕ್ಷಕರ ಆನ್‌ಲೈನ್ ಪರೀಕ್ಷೆಯೊಂದನ್ನು ಪಾಸು ಮಾಡಬೇಕು. ಅದು ವರ್ಷಕ್ಕೆ ಒಂದೇ ಸಲ. ಮನೆಯಲ್ಲೇ ಕೂತು ಬರೆಯಬಹುದು, ಕ್ಯಾಮೆರಾದಲ್ಲಿ ಅವರು ನೋಡುತ್ತಿರುತ್ತಾರೆ. ಆಕೆಯ ತಮ್ಮ ಊರಿಂದ ಒಂದು ಲ್ಯಾಪ್‌ಟಾಪ್ ತಂದುಕೊಟ್ಟ. ಆಕೆ ಅದರಲ್ಲಿ ಪರೀಕ್ಷೆಯ ಸಾಫ್ಟ್‌ವೇರ್ ಹಾಕಿಕೊಂಡು, ಎರಡು ಸಲ ಅಭ್ಯಾಸದ ಪರೀಕ್ಷೆ ಬರೆದು, ದಿನವೂ ಅವ್ವನಿಗೆ ಬಡಿಸಿದ ಮೇಲೆ ಲೆಕ್ಕ ಮಾಡುತ್ತ ಕೂರುತ್ತಿದ್ದಳು. ಅಷ್ಟು ಹುರುಪಿನ ಮುಖವನ್ನು ನಾನು ನೋಡಿ ಭಾಳ ವರ್ಷವಾಗಿತ್ತು.

ನಾನು ನೋಡಿದ್ದು ಮಾತ್ರ ಆ ಲ್ಯಾಪ್‌ಟಾಪಿನಲ್ಲಿದ್ದ "ಅದನ್ನು". ನನ್ನ ಸೂರಿನಡಿಯಲ್ಲೇ!

ಪರೀಕ್ಷೆಯ ಹಿಂದಿನ ದಿನ ಭಾನುವಾರ. ಆಕೆ ಮಗಳನ್ನು ಕರೆದುಕೊಂಡು ಸುಲ್ತಾನ್ ಬಜಾರಿಗೆ ಹೋದಳು, ಶಾಲೆಗೆ ಉಟ್ಟು ಹೋಗಲು ನಾಲ್ಕು ಕಾಟನ್ ಸೀರೆ ಬೇಕಿತ್ತು. ಅವ್ವ ಒಳಗೆ ಮಲಗಿದ್ದಳು. ಹೆಂಡತಿಗೊಂದು ಕಾಣಿಕೆ ಕೊಡಬೇಕು ಅಂತ ನನಗೆ ಬುದ್ಧಿ ಬಂತು. ಆ ಬುದ್ಧಿಗೆ ಬೆಂಕಿ ಬೀಳಲಿ. ಲ್ಯಾಪ್‌ಟಾಪನ್ನು ತಂದು, ಒರೆಸಿ, ಅದರಲ್ಲಿದ್ದದ್ದನ್ನೆಲ್ಲ ಅಳಿಸಿ, ಲಿನಕ್ಸ್ ಹಾಕಿದೆ. ಮೆನುಗಳನ್ನೆಲ್ಲ ಕನ್ನಡಕ್ಕೆ ತಿರುಗಿಸಿದೆ. ಆಕೆಯ ನೋಟ್ಸುಗಳನ್ನು ಜೋಪಾನವಾಗಿ ತೆಗೆದಿಟ್ಟೆ, ನಾನೇನು ಕಟುಕನೇ? ಪರೀಕ್ಷೆಯ ಸಾಫ್ಟ್‌ವೇರ್? ಈಗಿನ ಕಾಲದಲ್ಲಿ ಎಲ್ಲವೂ ಬ್ರೌಸರಿನಲ್ಲೇ ತೆರೆಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಅದಕ್ಕೆ ಕುಂಕುಮ ಹಚ್ಚಿ, ಇದ್ದಲ್ಲೇ ಇಟ್ಟೆ. ಸಂಜೆ ಆಕೆ ಬಂದವಳು ದಣಿದಿದ್ದಳು, ಓದಿದ್ದು ಸಾಕು ಎಂದು ಅದನ್ನು ತೆರೆಯಲಿಲ್ಲ.

ಸೋಮವಾರ ಹತ್ತಕ್ಕೆ ಪರೀಕ್ಷೆ. ನಾನು ಕಾರ್ಖಾನೆಗೆ ರಜೆ ಹೇಳಿದ್ದೆ. ಎಂಟೂವರೆಗೆ ಆಕೆ ತಲೆಗೆ ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ಲ್ಯಾಪ್‌ಟಾಪ್ ತೆರೆದಳು. ನಾನು ಹಿಂದೆ ಚಹಾದ ಕಪ್ಪು ಹಿಡಿದು, ಹೊಗಳಿಕೆಗೆ ಕಾದು ನಿಂತಿದ್ದೆ. ಪರದೆಯ ಮೇಲೆ ಲಿನಕ್ಸಿನ ಗುರುತಾದ ಪೆಂಗ್ವಿನ್ ಬಂತು, ಕೆಳಗೆ "ಸುಸ್ವಾಗತ" ಅಂತ ಬಂತು.

"ಇದೇನ್ರಿ?"

"ಹೆಂಗೈತಿ? ಎಲ್ಲಾ ಕನ್ನಡದಾಗ!"

"ನನ್ನ ಪರೀಕ್ಷಾದ್ದು ಎಲ್ಲಿ ಹೋತು?"

"ಬ್ರೌಸರ್‌ನಾಗ ತೆರೀತೈತಿ ತಗೋ. ಅದರಾಗೇನೈತಿ!"

ತೆರೆಯಲಿಲ್ಲ. ಈ ಪರೀಕ್ಷೆಯನ್ನು ವಿಂಡೋಸ್‌ನಲ್ಲಿ ಮಾತ್ರ ಬರೆಯಬಹುದು ಎಂದು ಆ ಪುಟದಲ್ಲಿ ದಪ್ಪ ಅಕ್ಷರದಲ್ಲಿತ್ತು. ನಾನು "ಐದು ನಿಮಿಷ" ಎಂದು ಕೂತೆ. ಲಿನಕ್ಸ್‌ನಲ್ಲೂ ಅಂಥ ಸಾಫ್ಟ್‌ವೇರ್ ನಡೆಸುವ ಒಂದು ಉಪಾಯ ಇದೆ. ಅದನ್ನು ಹಾಕಿದೆ. ಸಾಫ್ಟ್‌ವೇರ್ ತೆರೆದುಕೊಂಡಿತು, ಕ್ಯಾಮೆರಾ ಸಿಗುತ್ತಿಲ್ಲ ಎಂದು ಮುಚ್ಚಿಕೊಂಡಿತು. "ಇನ್ನೈದು ನಿಮಿಷ." ಮತ್ತೆ ಮುಚ್ಚಿಕೊಂಡಿತು. ಒಂಬತ್ತಾಯಿತು. ಮನೆಯಲ್ಲಿದ್ದ ಇನ್ನೆರಡು ಕಂಪ್ಯೂಟರುಗಳೂ ಲಿನಕ್ಸೇ, ನಾನೇ ಶುದ್ಧ ಮಾಡಿಟ್ಟವು. ಇಷ್ಟಾದರೂ ಬಾಯಿ ಸುಮ್ಮನಿರಲಿಲ್ಲ: "ತಪ್ಪು ಅವರದು. ಎಲ್ಲಾರಿಗೂ ನಡಿಯೂ ಹಂಗ ಮಾಡಬೇಕಿತ್ತು ಅವರು."

ಆಕೆ ಕಿರುಚಲಿಲ್ಲ. "ಹನ್ನೊಂದು ವರ್ಷ ಕಾದೀನ್ರಿ," ಎಂದಳು. ಕಣ್ಣು ತುಂಬಿದ್ದವು. ಎದ್ದು, ಚಪ್ಪಲಿ ಮೆಟ್ಟಿಕೊಂಡು ಕೆಳಗೆ ಇಳಿದು ಹೋದಳು.

ಬಾಲ್ಕನಿಯಿಂದ ಅವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮಡಿ ಕೋಲು ಕೈಯಲ್ಲೇ ಇತ್ತು. "ಏನ್ ಮಾಡಿದೆಪಾ?" ಎಂದಳು. ನಾನು ಆಕೆಗೆ ತಿಳಿಯುವ ಹಾಗೆ ಹೇಳಿದೆ: ಆ ಕಂಪ್ಯೂಟರು ಮೈಲಿಗೆ ಇದ್ದಂಗ ಇತ್ತು, ನಾ ಅದನ್ನ ಮಡಿ ಮಾಡಿದೆ.

"ನನಗ ನಕ್ಕಿದ್ದೇ ನಕ್ಕಿದ್ದು ನೀ," ಎಂದಳು ಅವ್ವ. "ನಾ ಮಡಿ ಮಾಡಿದ್ರ ನನ್ನ ಸೀರಿ ನಾ ತೊಳಕೊಂತೀನಿ. ಮಂದಿ ಮೈಮ್ಯಾಲಿನ ಸೀರಿ ಎಳದು ತೊಳದಿಲ್ಲೋ, ಮಾರಾಯಾ."

ಎಪ್ಪತ್ತೆಂಟರ ಅವ್ವನ ಮುಂದೆ ನಾನು ಇಂಗು ತಿಂದ ಮಂಗನ ಹಾಗೆ ನಿಂತೆ. ಆಗ ಮೇಜಿನ ಮೇಲೆ ಹಾಲ್ ಟಿಕೆಟ್ ಕಂಡಿತು. ಹೆಂಡತಿ ಅದನ್ನು ಮರೆತು ಹೋಗಿದ್ದಳು. ಅದನ್ನೆತ್ತಿಕೊಂಡು ಮೆಟ್ಟಿಲು ಇಳಿದೆ. ಕೆಳಗಿನ ಮನೆಯ ಬಾಗಿಲು ತೆರೆದಿತ್ತು. ಆಕೆ ನನಗೆ ಬೆನ್ನು ಮಾಡಿ ನಿಂತು ಆ ರೈಲ್ವೆಯಮ್ಮನಿಗೆ ತೆಲುಗಿನಲ್ಲಿ ಹೇಳುತ್ತಿದ್ದಳು, ಹತ್ತು ಗಂಟೆಗೆ ನನ್ನ ಪರೀಕ್ಷೆ ಇದೆ, ನಿಮ್ಮ ಲ್ಯಾಪ್‌ಟಾಪ್ ಒಂದಿಷ್ಟು ಕೊಡ್ತೀರಾ ಅಂತ. ಅವರು ಸಹಜವಾಗಿಯೇ ಕೇಳಿದರು, ನಿಮ್ಮದಕ್ಕೇನಾಯಿತು?

"ಮಾ ಇಂಟ್ಲೋ ಕಂಪ್ಯೂಟರ್ ಲೇದಂಡಿ," ಎಂದಳು ನನ್ನ ಹೆಂಡತಿ. ನಮ್ಮ ಮನೆಯಲ್ಲಿ ಕಂಪ್ಯೂಟರ್ ಇಲ್ಲ.

ಗಂಡ ಹಾಳು ಮಾಡಿದ ಎನ್ನಬಹುದಿತ್ತು. ಆ ಹೊತ್ತಿನಲ್ಲೂ ಆಕೆ ನನ್ನ ಮರ್ಯಾದೆ ಕಾದಳು. ಮೂರು ಮೂರು ಕಂಪ್ಯೂಟರು ಇಟ್ಟುಕೊಂಡ ಮನೆಯ ಬಗ್ಗೆ ಆಕೆ ಹೇಳಿದ್ದು ಸುಳ್ಳೂ ಆಗಿರಲಿಲ್ಲ, ಅದೇ ನನ್ನನ್ನು ಚುಚ್ಚಿದ್ದು. ರೈಲ್ವೆಯಮ್ಮ ಆಕೆಯ ಭುಜದ ಮೇಲಿಂದ ಕಂಪ್ಯೂಟರ್ ಸಾರನ್ನು ನೋಡಿದರು. ಒಂದು ತಾಸಿನ ಭಾಷಣ ಕೇಳಿದ ಮಹಾತಾಯಿ, ಅವರಿಗೆ ಎಲ್ಲ ಅರ್ಥವಾಯಿತು. ಆಕೆಯ ಕೈ ಹಿಡಿದು ಒಳಗೆ ಕರೆದುಕೊಂಡರು. ನಾನು ಹಾಲ್ ಟಿಕೆಟನ್ನು ಅವರ ಕೈಗೆ ಕೊಟ್ಟು ಮೇಲೆ ಬಂದೆ, ಮಧ್ಯಾಹ್ನದವರೆಗೆ ಕೂತಲ್ಲಿ ಕೂರಲಾಗಲಿಲ್ಲ.

ಆಕೆ ಪಾಸಾದಳು. ಮೊದಲು ಪೇಢೆ ಕೊಟ್ಟದ್ದು ಕೆಳಗಿನ ಮನೆಗೆ. ನಾನು ಲ್ಯಾಪ್‌ಟಾಪಿಗೆ ಮತ್ತೆ ವಿಂಡೋಸ್ ಹಾಕಿಕೊಡುತ್ತೇನೆ ಎಂದೆ, ಆ ಹೆಸರನ್ನು ಪೂರ್ತಿಯಾಗಿ ಉಚ್ಚರಿಸಿಯೇ ಹೇಳಿದೆ. "ನೀವು ಬ್ಯಾಡ್ರಿ," ಎಂದು ಆಕೆ ಅದನ್ನು ಸುಲ್ತಾನ್ ಬಜಾರಿನ ಕಡೆ ಒಂದು ಅಂಗಡಿಗೆ ತಾನೇ ಒಯ್ದು ಹಾಕಿಸಿಕೊಂಡು ಬಂದಳು.

ಈಗ ಆಕೆ ದಿನವೂ ಕಾಟನ್ ಸೀರೆ ಉಟ್ಟು ಶಾಲೆಗೆ ಹೋಗುತ್ತಾಳೆ. ಸಂಜೆ ಕೆಲಸ ಮುಗಿದ ಮೇಲೆ ಲ್ಯಾಪ್‌ಟಾಪನ್ನು ಒಂದು ಬಟ್ಟೆಯಲ್ಲಿ ಸುತ್ತಿ ಅಲ್ಮಾರಿಯ ಮೇಲೆ ಎತ್ತಿಡುತ್ತಾಳೆ. ಮೊನ್ನೆ ಭಾನುವಾರ ಮಗಳ ಫೋಟೋ ಏನೋ ನೋಡಬೇಕಿತ್ತು, ನಾನು ಸ್ಟೂಲ್ ಹಾಕಿಕೊಂಡು ಅದಕ್ಕೆ ಕೈ ಚಾಚಿದೆ.

"ಹಾಂ ಹಾಂ!" ಎಂದಳು ಆಕೆ ಅಡಿಗೆಮನೆಯ ಬಾಗಿಲಿಂದ. "ಮುಟ್ಟಬ್ಯಾಡ್ರಿ. ಅದು ಮಡ್ಯಾಗ ಐತಿ."

ಬಾಲ್ಕನಿಯಲ್ಲಿ ಅವ್ವ ನಕ್ಕಿದ್ದು ಕೇಳಿಸಿತು. ನಾನು ಸ್ಟೂಲ್ ಇಳಿದೆ.