ಉಸ್ತಾದ್ ಇನಾಯತರ ಕೊನೆಯ ಗೋಳ

ಲಾಹೋರಿನ ನಮ್ಮ ಬೀದಿಯಲ್ಲಿ ನನ್ನ ಮಾವನಷ್ಟು ಹಟಮಾರಿ ಇನ್ನೊಬ್ಬರಿರಲಿಲ್ಲ. ಬೇರೆಯವರು ಹಿತ್ತಾಳೆಯ ಎರಡು ಬಟ್ಟಲು ಬೆಸೆದು, ನಕ್ಷತ್ರಗಳ ಜಾಗ ತೋರಿಸುವ ಆಕಾಶಗೋಳ ಮಾಡಿದರೆ, ಮಾವ ಉಸ್ತಾದ್ ಇನಾಯತರು ಮಣ್ಣಿನ ಉಂಡೆಗೆ ಮೇಣ ಬಳಿದು, ಅದರ ಮೇಲೆ ಮತ್ತೆ ಮಣ್ಣು ಮೆತ್ತಿ, ಮೇಣ ಕರಗಿಸಿ ತೆಗೆದು, ಆ ಸಂದಿಗೆ ಹಿತ್ತಾಳೆ ಹೊಯ್ಯುತ್ತಿದ್ದರು. ಬೆಸುಗೆಯೂ ಇಲ್ಲ, ತೇಪೆಯೂ ಇಲ್ಲ. ಆಮೇಲೆ ಗೆರೆ ಕೊರೆದು ನಕ್ಷತ್ರಕ್ಕೊಂದು ಬೆಳ್ಳಿ ಮೊಳೆ.

"ನನ್ನ ಸಲ್ವಾರಿಗೆ ತೇಪೆ ಹಾಕಿದ್ರೆ ನಡೆಯತ್ತೆ, ಇವರ ಗೋಳಕ್ಕೆ ಮಾತ್ರ ಕೂಡದು" ಎಂದು ಅತ್ತೆ ರೊಟ್ಟಿ ತಟ್ಟುತ್ತಾ ಗೊಣಗುವರು.

ಕೈ ನಡುಗಲು ಶುರುವಾದ ವರ್ಷ ಮಾವ "ಇದೊಂದು ಹೊಯ್ದು ಮುಗಿಸ್ತೀನಿ" ಎಂದರು. ಕುಲುಮೆಯ ಮುಂದೆ ಇನ್ನೊಂದು ಸಲ ನಿಲ್ಲುವ ತ್ರಾಣ ಅವರಿಗಿಲ್ಲವೆಂದು ಮನೆಗೆಲ್ಲ ಗೊತ್ತಿತ್ತು. ಮಣ್ಣು ಒಡೆದು ನೋಡಿದರೆ, ಒಂದು ಕಡೆ ಹಿತ್ತಾಳೆ ಹರಿಯದೆ ಹೆಸರುಕಾಳಿನಷ್ಟು ತೂತು.

"ಬೆಣೆ ಹೊಡೆದರಾಯ್ತು ಅಬ್ಬಾಜಿ" ಎಂದ ನನ್ನ ಗಂಡ ಮುನೀರ್.

"ತೇಪೆ ಕಪ್ಪಾಗಿ ಎದ್ದು ಕಾಣತ್ತೆ."

"ಹಾಗಾದ್ರೆ ಅಲ್ಲೊಂದು ಬೆಳ್ಳಿ ನಕ್ಷತ್ರ ಕೂರಿಸೋಣ. ಯಾರು ಎಣಿಸ್ತಾರೆ?"

ಮಾವ ಕೆಂಡವಾದರು. "ಅಲ್ಲಾಹ್ ಇಡದ ನಕ್ಷತ್ರನ ನಾನು ಇಡ್ಲಾ? ಒಡೆದು ಕರಗಿಸು."

ಮುನೀರ್ ಸುತ್ತಿಗೆ ಮುಟ್ಟಲಿಲ್ಲ. ಮಾವ ಊಟ ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಅಂಗಳಕ್ಕೆ ಬಂದರೆ ಮಾವ ಗೋಳವನ್ನು ತೊಡೆಯ ಮೇಲಿಟ್ಟುಕೊಂಡು, ಹಸುಗೂಸಿಗೆ ಎಣ್ಣೆ ಹಚ್ಚುವವರ ಹಾಗೆ ಹೊರಳಿಸುತ್ತಿದ್ದರು.

"ಮುನೀರಾ, ಇದಕ್ಕೆ ಉತ್ತರ ದಿಕ್ಕು ಯಾವ ಕಡೆ?"

"ಇನ್ನೂ ಒಂದು ಗೆರೆಯೂ ಕೊರೆದಿಲ್ವಲ್ಲ. ನೀವು ಎಲ್ಲಿ ಅಂದ್ರೆ ಅಲ್ಲಿ."

"ಮತ್ತೆ ನಿನ್ನೆ ಯಾಕೋ ಹೇಳ್ಲಿಲ್ಲ, ದಡ್ಡ? ಈ ತೂತಿಗೆ ಲುಬ್ಧಕ ಬರಲಿ. ಆಕಾಶದಲ್ಲೆಲ್ಲ ಹೆಚ್ಚು ಹೊಳೆಯೋ ನಕ್ಷತ್ರ, ಎಲ್ಲಕ್ಕಿಂತ ದಪ್ಪ ಬೆಳ್ಳಿ ಬೇಕಾಗೋದು ಅದಕ್ಕೇ. ಇಲ್ಲಿಂದ ಅಳೆದು ಉತ್ತರ ಗುರುತು ಮಾಡು."

ಒಂದು ತೂತಿಗೋಸ್ಕರ ಇಡೀ ಆಕಾಶವನ್ನೇ ಸರಿಸಿಬಿಟ್ಟರು ಮಹಾರಾಯರು! ಗೆರೆಯೆಲ್ಲ ಕೊರೆದವನು ಮುನೀರ್. ಆ ಒಂದು ಮೊಳೆ ಮಾತ್ರ ತಾವೇ ಹೊಡೆಯುತ್ತೇನೆಂದು ಮಾವ ಕೂತರು. ಕೈ ನಿಲ್ಲಲೊಲ್ಲದು. ಅತ್ತೆ ಹಿಟ್ಟಿನ ಕೈಯಲ್ಲೇ ಬಂದು ಅವರ ಮಣಿಕಟ್ಟು ಹಿಡಿದುಕೊಂಡರು. ಇಬ್ಬರೂ ಸೇರಿ ಹೊಡೆದರು.

ಮುಂದಿನ ಚಳಿಗಾಲಕ್ಕೆ ಮಾವ ಇರಲಿಲ್ಲ. ಗೋಳ ಯಾರೋ ಅಮೀರರ ಮನೆ ಸೇರಿತು, ಮತ್ತೆ ನಮ್ಮ ಕಣ್ಣಿಗೆ ಬೀಳಲಿಲ್ಲ. ಈಗಲೂ ಚಳಿಗಾಲದ ಸಂಜೆ ಮಾಳಿಗೆಯ ಮೇಲೆ ಬಟ್ಟೆ ಎತ್ತುವಾಗ ಲುಬ್ಧಕ ಮೂಡಿದರೆ ಅತ್ತೆಯ ಕೈ ನಿಲ್ಲುತ್ತದೆ.

"ನೋಡೇ, ನಿಮ್ಮ ಮಾವ ಹಾಕಿದ ತೇಪೆ" ಎನ್ನುತ್ತಾರೆ. ಅದು ಚೆನ್ನಾಗಿ ಮೇಲೇರುವವರೆಗೂ ಕೆಳಗಿಳಿಯುವುದಿಲ್ಲ.